ಮಾಡದ ನೌಕರಿಗೆ ರಾಜೀನಾಮೆ

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಮೂರು ಚೌಕಟ್ಟುಗಳಿವೆ. ಒಂದರಲ್ಲಿ ಬಾಹುಬಲಿ ಸ್ವಾಮಿ. ಇನ್ನೊಂದರಲ್ಲಿ ನಮ್ಮ ಮಾವನವರು. ಮೂರನೆಯದರಲ್ಲಿ, ನನ್ನ ಗಂಡ ಅಜಿತಕುಮಾರ ಅವರು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿದ್ದಕ್ಕೆ ಸರಕಾರ ಕೊಟ್ಟ ರಸೀದಿ. ಮೊದಲಿನ ಎರಡಕ್ಕೆ ಹೂವು ಏರಿಸುವುದು ನನ್ನ ಕೆಲಸ. ಮೂರನೆಯದರ ಗಾಜು ಒರೆಸುವುದು ಅವರದು.

ಆ ರಸೀದಿಯಲ್ಲಿ ಕಟ್ಟಬೇಕಾದ ತೆರಿಗೆ ಎಂಬಲ್ಲಿ ಒಂದು ಸೊನ್ನೆ ಇದೆ. ಅದು ಬಂದವರ ಕಣ್ಣಿಗೆ ಬೀಳಬಾರದೆಂದು ಬಾಹುಬಲಿಯ ಮಾಲೆಯ ತುದಿ ಸರಿಯಾಗಿ ಅದರ ಮೇಲೆ ಇಳಿಯುವ ಹಾಗೆ ಚೌಕಟ್ಟನ್ನು ತೂಗುಹಾಕಿದ್ದಾರೆ. ನಮ್ಮವರು ಮಚ್ಛೆಯ ಒಂದು ಕಾರಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರ್ ಎಲ್ಲ ಅವರ ವಶದಲ್ಲಿ. ಬಂದವರಿಗೆ ಚಹಾ ಕೊಡುವ ಮೊದಲೇ ಹೇಳಿಬಿಡುತ್ತಾರೆ:

“ನಮ್ಮ ಮನ್ಯಾಗ ದುಡಿಯಾಂವ ನಾ ಒಬ್ಬನ. ಹೆಣಮಕ್ಕಳನ್ನ ಹೊರಗ ಕಳಸೂ ಪಾಳಿ ನಮಗಿನ್ನೂ ಬಂದಿಲ್ಲ ನೋಡ್ರಿ.”

ನಾನು ಚಹಾದ ತಟ್ಟೆ ಹಿಡಿದು ನಿಂತಿರುತ್ತೇನೆ. ನಾನು ನಗುತ್ತಿರುವೆನೆಂದು ಅವರು ತಿಳಿಯುತ್ತಾರೆ. ನಾನು ಗಡಿಯಾರ ನೋಡುತ್ತಿರುತ್ತೇನೆ.

ಏಕೆಂದರೆ ಹದಿನೇಳು ತಿಂಗಳಿಂದ ನಾನು ಖಾನಾಪುರದಲ್ಲಿ ನೌಕರಿ ಮಾಡುತ್ತಿದ್ದೆ.

ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು; ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿದೆ. ಖಾನಾಪುರದಲ್ಲಿ ಒಂದು ವಸತಿ ಶಾಲೆ. ಮಹಾವೀರ ಜಯಂತಿಯ ಊಟದಲ್ಲಿ ಅಲ್ಲಿನ ದೊಡ್ಡ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ನಾನು ಮಾಡಿದ ಗುರೆಳ್ಳು ಚಟ್ನಿಯನ್ನು ಎರಡು ಸಲ ನೀಡಿಸಿಕೊಂಡರು. ಬೆಳ್ಳುಳ್ಳಿ ಹಾಕದ ಚಟ್ನಿ, ನಮ್ಮ ಜೈನರ ಮನೆಯದು. ಹುಣಸೆ, ಬೆಲ್ಲ, ಹುರಿದ ಕರಿಬೇವು. ಕೈ ತೊಳೆಯುತ್ತ ಕೇಳಿದರು, “ನಮ್ಮ ಹುಡುಗೂರು ಊಟಾನ ಮಾಡವಲ್ಲರು. ಅಡಿಗಿಮನಿ ನೋಡ್ಕೊಳ್ಳಾಕ ಬರತೀರೇನು?” ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನಗೆ ಬಾ ಎಂದವರಿದ್ದರು, ಬರತೀರೇನು ಎಂದವರು ಇರಲಿಲ್ಲ. ನಾನು ಹೂಂ ಎಂದೆ.

ಇವರು ಏಳೂಮುಕ್ಕಾಲಿಗೆ ಸ್ಕೂಟರ್ ಹತ್ತಿದರೆ ನಾನು ಎಂಟೂಕಾಲಿನ ಖಾನಾಪುರ ಬಸ್ಸು. ಆ ಬಸ್ಸು ಮಚ್ಛೆಯ ಮೇಲೆಯೇ ಹೋಗುತ್ತದೆ, ಇವರ ಕಾರಖಾನೆಯ ಗೇಟಿನ ಮುಂದೆ ನಿಲ್ಲುತ್ತದೆ ಕೂಡ. ಅಲ್ಲಿ ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದೆ. ಸಂಜೆ ನಾಲ್ಕೂವರೆಗೆ ಮನೆ. ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂಬುದು ನಮ್ಮ ಮನೆಯ ನೇಮ. ಬಸ್ಸು ಕೆಟ್ಟ ದಿನ ನಾನು ಸೂರ್ಯನ ಜೊತೆ ಓಟದ ಪಂದ್ಯ ಕಟ್ಟುತ್ತಿದ್ದೆ.

ನೌಕರಿಗೆ ಸೇರಿದ ದಿನ ಅಲ್ಲಿನ ಹಳೆಯ ಗುಮಾಸ್ತರು ಪ್ಯಾನ್ ಕಾರ್ಡಿನ ಝೆರಾಕ್ಸ್ ಕೇಳಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ಯಾನ್ ಕಾರ್ಡು, ಇವರದು. ರೇಶನ್ ಕಾರ್ಡಿಗೆ ಮನೆಯ ಯಜಮಾನಿ ನಾನು, ಅದರ ಮೇಲೆ ಅವರೂ ಉಣ್ಣುತ್ತಾರೆ. ಗ್ಯಾಸಿನ ಪುಸ್ತಕ ಅವರ ಹೆಸರಿಗೆ, ಅದರ ಮೇಲೆ ನಾನು ಅಡಿಗೆ ಮಾಡುತ್ತೇನೆ. ಪ್ಯಾನ್ ಕಾರ್ಡೂ ಹಾಗೆಯೇ ಮನೆಗೊಂದು ಇರುವಂಥದ್ದು ಎಂದು ತಿಳಿದು ಕೊಟ್ಟುಬಿಟ್ಟೆ. ಅದು ಝೆರಾಕ್ಸಿನ ಝೆರಾಕ್ಸು. ಅದರಲ್ಲಿನ ಮುಖ ಗಂಡಸಿನದೋ ಹೆಂಗಸಿನದೋ ಕುಂಬಳಕಾಯಿಯದೋ ಹೇಳುವಂತಿರಲಿಲ್ಲ. ಗುಮಾಸ್ತರು ನಂಬರು ಮಾತ್ರ ನೋಡಿದರು.

ಆ ನಂಬರು ಹದಿನೇಳು ತಿಂಗಳು ಸುಮ್ಮನೆ ಕುಳಿತಿತ್ತು. ಒಂದು ಸೋಮವಾರ ಸಂಜೆ, ಊಟದ ಹೊತ್ತಿಗೆ, ಇವರ ಮೊಬೈಲಿನಲ್ಲಿ ಟಿಣ್ ಎಂದಿತು.

“ಆದಾಯ ತೆರಿಗೆ ಇಲಾಖೆ!” ಎಂದು ಇವರು ಎದ್ದು ನಿಂತರು. ದೊಡ್ಡವರು ಬಂದರೆ ಏಳುತ್ತಾರಲ್ಲ, ಹಾಗೆ. ಓದಿದರು. ಮತ್ತೆ ಓದಿದರು. ಕುಳಿತರು.

ಸಂಬಳ ಕೊಡುವ ಪ್ರತಿಯೊಬ್ಬ ಮಾಲಕನಿಗೂ ಇಲಾಖೆಯಲ್ಲಿ ಒಂದು ಸಂಕೇತವಿರುತ್ತದಂತೆ. ನಮ್ಮವರ ಹೆಸರಿನ ಕೆಳಗೆ ಎರಡು ಸಂಕೇತಗಳಿದ್ದವು. ಒಂದು ಬೆಳಗಾವಿಯದು. ಇನ್ನೊಂದು ಖಾನಾಪುರದ್ದು. ನೀವು ತೋರಿಸಿದ್ದು ಒಂದು ಸಂಬಳ, ನಮ್ಮಲ್ಲಿ ಬಂದಿರುವುದು ಎರಡು, ಸರಿಪಡಿಸಿ ಎಂದು ಇಲಾಖೆ ಬಹಳ ಮರ್ಯಾದೆಯಿಂದ ಕೇಳಿತ್ತು.

“ಖಾನಾಪುರದಾಗ ನಂಗ ನೌಕರಿ ಐತಂತಲ್ಲ!” ಎಂದರು.

ನನ್ನ ಕೈಯ ಭಕ್ರಿ ತಾಟಿನ ಹೊರಗೆ ಬಿತ್ತು.

“ನಿಂಗೇನರ ಗೊತ್ತೈತೇನು?”

“ನಂಗ ಇಂಗ್ರೇಜಿ ಎಲ್ಲೆ ಬರತೈತಿರಿ,” ಎಂದೆ. ಸಂದೇಶ ಕನ್ನಡದಲ್ಲಿತ್ತು. ಇವರು ಗಮನಿಸಲಿಲ್ಲ.

ಬುದ್ಧಿವಂತನಾದವನು ಇಂಥ ಸಂದೇಶವನ್ನು ಮುಚ್ಚಿಟ್ಟುಕೊಂಡು ಯಾರಾದರೂ ತಿಳಿದವರ ಬಳಿ ಹೋಗುತ್ತಾನೆ. ಮರುದಿನ ನಮ್ಮವರು ಅದನ್ನು ಕಾರಖಾನೆಯ ಕಚೇರಿಯ ನಟ್ಟನಡುವೆ ನಿಂತು ಲೆಕ್ಕಪತ್ರದ ಗುರುಪುತ್ರಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದರು. ತೆರಿಗೆ ಇಲಾಖೆ ತಮಗೆ ಖುದ್ದಾಗಿ ಬರೆಯುತ್ತದೆಂಬುದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದಿರಬೇಕು. ನಾಲ್ಕು ಜನರಲ್ಲಿ ಮ್ಯಾನೇಜರರೂ ಇದ್ದರು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕುಳಿತರು.

“ಏನಂದ್ರು?” ಎಂದೆ.

“ಎರಡನೇ ನೌಕರಿ ಮಾಡಿದ್ರ ಮೊದಲನೇದು ಹೋಗತೈತಂತ. ಕಂಪನಿ ನಿಯಮ. ಶನಿವಾರದೊಳಗ ಖಾನಾಪುರದಾವ್ರ ಕಡಿಂದ ಪತ್ರಾ ತರಬೇಕು, ಈ ಮನಷ್ಯಾ ನಮ್ಮಲ್ಲೆ ನೌಕರಿ ಮಾಡೂದಿಲ್ಲ ಅಂತ.”

“ಗುರುಪುತ್ರಪ್ಪನವ್ರು ನಿಮಗ ಬೇಕಾದಾವ್ರಲ್ಲ?”

“ಅಂವಾ ಏನಂದ ಗೊತ್ತೈತೇನು? ಅಜಿತಣ್ಣಾ, ಇಲ್ಲೆ ಹನ್ನೊಂದಕ್ಕ ನಿದ್ದಿ ಹೊಡೀತಿದ್ದಿ, ಎಲ್ಲೆ ದಣದ ಬರತೀದಿ ಅಂತ ಈಗ ತಿಳೀತು ಅಂದ!” ಆಮೇಲೆ ದನಿ ಇಳಿಸಿ ಕೇಳಿದರು, “ಏ, ನಾ ಏನರ ನಿದ್ದಿಗಣ್ಣಾಗ ಎದ್ದ ಹೋಗತೇನೇನು?”

ನಾನು ಅಂದೇ ಹೇಳಿಬಿಡಬೇಕಿತ್ತು. ಹೇಳಿದರೆ ಅವರ ನೌಕರಿ ಉಳಿಯುತ್ತದೆ, ನನ್ನದು ಹೋಗುತ್ತದೆ. ಇಷ್ಟು ಸರಳ. ನಮ್ಮ ಮನೆಯಲ್ಲಿ ದುಡಿಯುವವನು ನಾನೊಬ್ಬನೇ ಎಂದು ಊರಿಗೆಲ್ಲ ಹೇಳಿದ ಮನುಷ್ಯ ಮರುದಿನ ನನ್ನನ್ನು ಬಸ್ಸು ಹತ್ತಲು ಬಿಡುತ್ತಾರೆಯೇ? ಶನಿವಾರಕ್ಕೆ ಇನ್ನೂ ನಾಲ್ಕು ದಿನವಿದೆ ಎಂದುಕೊಂಡೆ. ಅಷ್ಟರಲ್ಲಿ ಇಲಾಖೆಯೇ ಮನಸ್ಸು ಬದಲಿಸಬಹುದು ಎಂಬ ಆಸೆ. ಎರಡು ಸಲ ಒಗ್ಗರಣೆ ಸೀದುಹೋಯಿತು.

ಶಹಾಪುರದ ನಮ್ಮ ಗಲ್ಲಿಯಲ್ಲಿ ಮಗ್ಗಗಳ ಸದ್ದು ದಿನವಿಡೀ ಇದ್ದರೂ ಸುದ್ದಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಬುಧವಾರ ಸಂಜೆ ಬಾಜೂ ಮನೆಯ ಬಿಲ್ಕೀಸ ಹಿತ್ತಲಿನ ಗೋಡೆಯ ಮೇಲಿಂದ ಮುಖ ತೋರಿಸಿದಳು. ಇಪ್ಪತ್ತು ವರ್ಷದ ನೆರೆ. ಆದರೆ ಅಂದಿನ ಅವಳ ಮುಖ ಸಾವಿನ ಮನೆಗೆ ಬಂದವರದಾಗಿತ್ತು.

“ಸುಂದರಕ್ಕಾ, ನಂಗೆಲ್ಲಾ ತಿಳದೈತಿ.”

ನಾನು ಗೋಡೆಯ ಹತ್ತಿರ ಓಡಿದೆ. “ಏನ ತಿಳದೈತಿ?”

“ಅಣ್ಣಾವ್ರಿಗೆ ಖಾನಾಪುರದಾಗ ಇನ್ನೊಂದ ಪಗಾರ ಐತಂತ. ಪಗಾರ ಐತಿ ಅಂದ್ರ ಖರ್ಚ ಐತಿ. ಖರ್ಚ ಐತಿ ಅಂದ್ರ...” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಯಾ ಅಲ್ಲಾ, ನೋಡಾಕ ಎಷ್ಟ ಗರೀಬ ಮನಷ್ಯಾ!”

“ಏ ಬಿಲ್ಕೀಸ, ಹಂಗೇನೂ ಇಲ್ಲವಾ.”

“ಮುಚ್ಚಬ್ಯಾಡ್ರಿ ಅಕ್ಕಾ. ನಮ್ಮ ಮಗಾ ಕಲಂದರ ರಿಕ್ಷಾ ಸ್ಟ್ಯಾಂಡಿನಾಗ ದಿನಾ ನೋಡತಾನ, ಎಂಟೂಕಾಲಿಗೆ ನೀವು ಖಾನಾಪುರ ಬಸ್ ಹತ್ತೂದು. ಬಸದಿಗೆ ಹೊಂಟೇನಿ ಅಂತ ನಮಗ ಹೇಳತಿದ್ರಿ. ಬಸದಿ ಬಿಟ್ಟ ಬಸ್ ಯಾಕ ಹತ್ತತಾರ ಅಂತ ನಾ ವಿಚಾರ ಮಾಡತಿದ್ದೆ. ಈಗ ತಿಳೀತು. ಆಕೀನ ಕಾಯಾಕ ಹೋಗತಿದ್ರಿ!”

“ಯಾರನ್ನ?”

“ನಿಮ್ಮ ಸವತೀನ!”

ನಾನು ಬಾಯಿ ತೆರೆದೆ. ಇಲ್ಲವೆಂದರೆ ದಿನಾ ಬಸ್ಸು ಯಾಕೆ ಹತ್ತುತ್ತೀ ಎಂದು ಕೇಳುತ್ತಾಳೆ. ಬಾಯಿ ಮುಚ್ಚಿದೆ. ನನ್ನ ಮೌನವನ್ನು ಬಿಲ್ಕೀಸ ಇಡೀ ಗಲ್ಲಿಗೆ ಹಂಚಿದಳು. ಗುರುವಾರದ ಹೊತ್ತಿಗೆ ಮೂರು ಮನೆಗಳಿಂದ ಪಲ್ಯ, ಒಂದು ಮನೆಯಿಂದ ಶೀರಾ, ಇನ್ನೊಂದು ಮನೆಯಿಂದ ವಕೀಲರ ಫೋನ್ ನಂಬರು ಬಂದವು. ಇಲ್ಲದ ಸವತಿಗಾಗಿ ಅಷ್ಟೊಂದು ಸಿಹಿ ತಿಂದವಳು ನಾನೊಬ್ಬಳೇ ಇರಬೇಕು.

ಅಂದೇ ಸಂಜೆ ಶಿವಬಸವ ನಗರದಿಂದ ನಮ್ಮ ದೊಡ್ಡ ನಾದಿನಿ ಮಯೂರಿ ಅಕ್ಕ ರಿಕ್ಷಾ ಮಾಡಿಕೊಂಡು ಬಂದರು. ತಮ್ಮನನ್ನು ತೆರಿಗೆಯ ರಸೀದಿಯ ಕೆಳಗೇ ನಿಲ್ಲಿಸಿದರು.

“ಅಪ್ಪನ ಫೋಟೋ ಮುಟ್ಟಿ ಹೇಳು. ಖಾನಾಪುರದಾಗ ಯಾರಿದ್ದಾರ?”

“ಅಕ್ಕಾ, ಖಾನಾಪುರದಾಗ ನಂಗ ಯಾರೂ ಗೊತ್ತಿಲ್ಲ. ನನ್ನ ಬಿಟ್ರ.”

“ಅಂದ್ರ?”

“ಅಲ್ಲೆ ನಾ ಇದ್ದೇನಂತ. ನೌಕರಿ ಮಾಡಾಕತ್ತೇನಂತ. ನಾನ ಹೋಗಿ ನನ್ನ ಹುಡಕಬೇಕಾಗೇತಿ.”

ಮಯೂರಿ ಅಕ್ಕ ನನ್ನ ಕಡೆ ತಿರುಗಿದರು. “ಸುಂದರಾ, ನೀ ಅಳಬ್ಯಾಡವಾ.” ನಾನು ಅಳುತ್ತಿರಲಿಲ್ಲ. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಿದ್ದೆ. ಅವರು ಅದನ್ನು ನೋಡಿ ತಾವೇ ಅತ್ತರು.

“ನಾಳೆ ರಜಾ ಹಾಕೇನಿ. ಖಾನಾಪುರಕ್ಕ ಹೋಗಿ ಬರತೇನಿ,” ಎಂದು ಇವರು ಸಾರಿದರು. “ಹನ್ನೊಂದ ಗಂಟೇಕ. ನಂಗ ಡಬ್ಬಿ ಕಟ್ಟು.”

ನಾನು ಶುಕ್ರವಾರ ರಜೆ ಹಾಕಬಹುದಿತ್ತು. ಆದರೆ ಉಗ್ರಾಣದ ಕೀಲಿಕೈ ನನ್ನ ಸೊಂಟದಲ್ಲಿ, ನೂರಾ ನಲವತ್ತು ಮಕ್ಕಳ ಹೊಟ್ಟೆ ಆ ಕೀಲಿಯಲ್ಲಿ. ಇವರಿಗೆ ಡಬ್ಬಿ ಕಟ್ಟಿಕೊಟ್ಟೆ: ಎರಡು ಚಪಾತಿ, ಹೆಸರುಕಾಳು, ಗುರೆಳ್ಳು ಚಟ್ನಿ. “ಬಸದಿಗೆ ಹೋಗಿ ನಿಮ್ಮ ಸಲುವಾಗಿ ಬೇಡ್ಕೊಂತೇನಿ,” ಎಂದೆ. ಎಂಟೂಕಾಲಿನ ಬಸ್ಸು ಹತ್ತಿದೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಕಲಂದರ ಎದೆಯ ಮೇಲೆ ಕೈಯಿಟ್ಟು ನನಗೆ ಧೈರ್ಯ ಹೇಳುವಂತೆ ತಲೆಯಾಡಿಸಿದ.

ಆ ಶಾಲೆಯಲ್ಲಿ ಅಡಿಗೆಮನೆಯ ಕಿಟಕಿಗೂ ಕಚೇರಿಯ ಬಾಗಿಲಿಗೂ ನಡುವೆ ಹತ್ತು ಹೆಜ್ಜೆಯ ಅಂಗಳ. ನಾನು ಹುಳಿಯ ಬೋಗುಣಿಯ ಪಕ್ಕದಲ್ಲಿ ನಿಂತು ಆ ಅಂಗಳವನ್ನೇ ನೋಡುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಕಾಡವ್ವನಿಗೆ ಎಲ್ಲ ಹೇಳಿದ್ದೆ.

“ಬಂದ್ರ ಬರಲಿ ಬಿಡ್ರಿ. ಕೊಡಪಾನದಾಗ ನೀರ ತುಂಬಿ ಇಟ್ಟೇನಿ,” ಎಂದಳು.

“ನೀರ ಯಾಕ?”

“ಚಕ್ಕರ ಬಂದ ಬಿದ್ರ ಮುಖಕ್ಕ ಗೊಜ್ಜಾಕ.” ಯಾರಿಗೆ ಎಂದು ಹೇಳಲಿಲ್ಲ.

ಹನ್ನೆರಡಕ್ಕೆ ಇವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಡಬ್ಬಿಯ ಚೀಲ, ಬಗಲಲ್ಲಿ ಗೋಡೆಯಿಂದ ಇಳಿಸಿದ ತೆರಿಗೆಯ ರಸೀದಿ, ಚೌಕಟ್ಟಿನ ಸಮೇತ. ಗುಮಾಸ್ತ ಉಳವಪ್ಪ ಹೊಸಬ, ಬಂದು ಹದಿನೈದು ದಿನವಾಗಿತ್ತು. ಅವನಿಗೆ ಅಡಿಗೆಮನೆಯ ಸುಂದರಕ್ಕ ಗೊತ್ತು; ಸುಂದರಕ್ಕನ ಪ್ಯಾನ್ ನಂಬರು ಯಾವುದೆಂದು ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ನೌಕರರ ಹೆಸರಿನ ಜಾಗದಲ್ಲಿ ಪ್ಯಾನ್ ಕಾರ್ಡಿನ ಮೇಲಿನ ಹೆಸರೇ ಬರುತ್ತಿತ್ತು. ಇವರು ಹೇಳಿದ ನಂಬರನ್ನು ಉಳವಪ್ಪ ಒತ್ತಿದ. ನೋಡಿದ. ಎದ್ದು ನಿಂತು ಕೈ ಚಾಚಿದ.

“ಅಜಿತಕುಮಾರ ಸಾಹೇಬ್ರು! ಬರ್ರಿ, ಕುಂದರ್ರಿ. ನೀವ ನಮ್ಮ ಅಡಿಗಿಮನಿ ಮೇಲ್ವಿಚಾರಕರು.”

“ನಾ?”

“ಹದಿನೇಳ ತಿಂಗಳಾಗ ರಜಾ ಹಾಕಿದ್ದು ಎರಡ ದಿನಾ. ನಿಮ್ಮಂಥಾ ನೌಕರ ಸಿಗೂದಿಲ್ಲರಿ.”

“ನಾ ಇಲ್ಲೆ ನೌಕರಿ ಮಾಡೂದಿಲ್ಲ!”

“ಖರೇ? ಹಂಗಂದ್ರ ಈ ಹಾಜರಿ ಯಾರದು?”

“ನಂಗೇನ ಗೊತ್ತು? ನಂಗ ಅಡಿಗಿ ಮಾಡಾಕ ಬರೂದಿಲ್ಲ. ಚಹಾ ಸೈತ ಬರೂದಿಲ್ಲ.”

“ಮೇಲ್ವಿಚಾರಕರಿಗೆ ಬರಬೇಕಂತ ಎಲ್ಲೆ ಐತಿ?” ಎಂದು ಉಳವಪ್ಪ ಸಮಾಧಾನ ಹೇಳಿದ. “ಆದ್ರ ಡ್ಯೂಟಿ ಹೊತ್ತಿನಾಗ ಕಚೇರಿಗೆ ಬಂದ ಕುಂದರೂದು ಬರೊಬ್ಬರಿ ಅಲ್ಲರಿ. ಅಲ್ಲೆ ಅಡಿಗಿಮನ್ಯಾಗ ಯಾರ ನೋಡ್ಕೊಂಡಾರ?”

ನಮ್ಮವರು ಚೌಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿದರು. “ನೋಡ್ರಿ, ಇದು ಸರಕಾರ ಕೊಟ್ಟದ್ದು. ಇದರಾಗ ಒಂದ ನೌಕರಿ ಐತಿ. ಒಂದ!”

ಉಳವಪ್ಪ ಬಗ್ಗಿ ನೋಡಿದ. “ಕಟ್ಟಬೇಕಾದ ತೆರಿಗಿ ಸೊನ್ನಿ ಐತಲ್ಲರಿ.”

ಅಲ್ಲಿ ಬಾಹುಬಲಿಯ ಮಾಲೆ ಇರಲಿಲ್ಲ. ಇವರು ಚೌಕಟ್ಟನ್ನು ಬೋರಲು ಹಾಕಿದರು.

ಜಗಳದಲ್ಲಿ ಹಸಿವಾಗುವುದು ಇವರ ಹಳೆಯ ಸ್ವಭಾವ. ಹೊರಗಿನದು ತಿನ್ನುವವರಲ್ಲವಾದ್ದರಿಂದ ಅಲ್ಲಿಯೇ ಡಬ್ಬಿ ಬಿಚ್ಚಿದರು. ಮರ್ಯಾದೆಗೆಂದು ಉಳವಪ್ಪನ ಅಂಗೈಗೂ ಒಂದಿಷ್ಟು ಚಟ್ನಿ ಹಾಕಿದರು. ಉಳವಪ್ಪ ಬಾಯಿಗೆ ಹಾಕಿಕೊಂಡ. ಅವನ ದವಡೆ ನಿಂತಿತು.

“ಬಳ್ಳೊಳ್ಳಿ ಇಲ್ಲದ ಗುರೆಳ್ಳ ಚಟ್ನಿ,” ಎಂದ, ನಿಧಾನವಾಗಿ. “ಬೆಲ್ಲಾ ಹಾಕಿದ್ದು. ಇಡೀ ಖಾನಾಪುರದಾಗ ಈ ಚಟ್ನಿ ಸಿಗೂದು ಒಂದ ಕಡೆ. ನಮ್ಮ ಅಡಿಗಿಮನ್ಯಾಗ. ಈಗರ ಒಪ್ಪಗೋರಿ ಸಾಹೇಬ್ರ, ಸಿಕ್ಕ ಬಿದ್ರಿ!”

“ಇದು ನನ್ನ ಹೇಂತಿ ಮಾಡಿದ್ದು!”

“ಎಲ್ಲಾರೂ ಹಂಗ ಅಂತಾರ.”

ಕಿಟಕಿಯ ಹಿಂದೆ ಕಾಡವ್ವ ನನ್ನ ತೋಳು ಚಿವುಟಿದಳು. ನನಗೆ ನಗು, ಹೆದರಿಕೆ ಎರಡೂ ಒಟ್ಟಿಗೆ ಗಂಟಲಿಗೆ ಬಂದು, ಯಾವುದು ಮೊದಲು ಹೊರಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದವು.

ನಮ್ಮವರ ದನಿ ಈಗ ಇಳಿದುಬಿಟ್ಟಿತು. “ಏನರ ಮಾಡ್ರೀಪಾ. ನಂಗ ಒಂದ ಪತ್ರಾ ಬೇಕು. ಅಜಿತಕುಮಾರ ಇಲ್ಲೆ ನೌಕರಿ ಮಾಡೂದಿಲ್ಲ ಅಂತ. ನಾಳಿಗೆ ಕೊಡದಿದ್ರ ನನ್ನ ಖರೇ ನೌಕರಿ ಹೋಗತೈತಿ.”

“ನೌಕರಿ ಮಾಡಾಕತ್ತಾವ್ರಿಗೆ ಮಾಡೂದಿಲ್ಲ ಅಂತ ಹೆಂಗ ಬರದ ಕೊಡ್ಲಿ?” ಉಳವಪ್ಪ ಹಣೆ ತಿಕ್ಕಿಕೊಂಡ. ಆಮೇಲೆ ಅವನ ಮುಖ ಬೆಳಗಿತು. “ಒಂದ ದಾರಿ ಐತಿ. ನೀವು ರಾಜೀನಾಮಿ ಕೊಡ್ರಿ. ಇಂದಿಂದ ಹೆಸರ ತಗದು, ಈಗ ನಮ್ಮಲ್ಲೆ ಇಲ್ಲ ಅಂತ ಪತ್ರಾ ಕೊಡತೇನಿ. ಖಾಲಿ ಜಾಗಾಕ್ಕ ಸೋಮವಾರ ಬ್ಯಾರೆಯವ್ರನ್ನ ತಗೊಂತೇವಿ. ನಮ್ಮ ಚೇರಮನ್ನರ ಭಾವ ಒಬ್ಬಾಂವ ಆರ ತಿಂಗಳಿಂದ ಕೇಳಾಕತ್ತಾನ.”

“ಮಾಡದ ನೌಕರಿಗೆ ರಾಜೀನಾಮಿ?”

“ಮಾಡದಿದ್ರ ನಿಮಗೇನ ಲುಕ್ಸಾನ ಐತ್ರಿ?”

ನಮ್ಮವರು ಯೋಚಿಸಿದರು. ಅವರಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಉಳವಪ್ಪ ಬಿಳಿ ಹಾಳೆ ಕೊಟ್ಟ. ‘ನನ್ನ ವೈಯಕ್ತಿಕ ಕಾರಣಗಳಿಂದಾಗಿ’ ಎಂದು ಇವರು ಬರೆಯುತ್ತಿರುವುದು ಬೆನ್ನಿನ ಅಲುಗಾಟದಿಂದಲೇ ನನಗೆ ತಿಳಿಯುತ್ತಿತ್ತು. ಇಪ್ಪತ್ತೆಂಟು ವರ್ಷ ನೋಡಿದ ಬೆನ್ನು. ಹಾಳೆಯ ಕೆಳಗೆ ಬಂದರು. ಸಹಿ ಮಾಡುವ ಮೊದಲು ಪೆನ್ನನ್ನು ಗಾಳಿಯಲ್ಲಿ ಎರಡು ಸಲ ಸುತ್ತಿಸುವುದು ಅವರ ರೂಢಿ. ಒಂದು ಸಲ ಸುತ್ತಿಸಿದರು.

ನಾನು ಅಂಗಳ ದಾಟಿದ್ದು ನನಗೆ ನೆನಪಿಲ್ಲ. ಕೈಯಲ್ಲಿ ಹುಳಿಯ ಸೌಟು ಹಾಗೆಯೇ ಇತ್ತು.

“ಸಹಿ ಮಾಡಬ್ಯಾಡ್ರಿ! ಅದು ನಿಮ್ಮ ನೌಕರಿ ಅಲ್ಲ. ನಂದು!”

ಸೌಟಿನಿಂದ ಒಂದು ಹನಿ ರಾಜೀನಾಮೆಯ ಮೇಲೆ ಬಿತ್ತು, ಸಹಿ ಮಾಡಬೇಕಾದಲ್ಲಿಯೇ.

ನಮ್ಮವರು ನನ್ನನ್ನು ನೋಡಿದರು, ಸೌಟನ್ನು ನೋಡಿದರು, ಸೊಂಟದ ಕೀಲಿಕೈ ಗೊಂಚಲನ್ನು ನೋಡಿದರು. ಆ ಮೇಲೆ ಅತ್ಯಂತ ಗಂಭೀರವಾಗಿ ಕೇಳಿದರು, “ನೀ ಬಸದಿಗೆ ಹೋಗಿದ್ದೆಲ್ಲ?”

ಕಾಡವ್ವ ಕೊಡಪಾನ ಎತ್ತಿಕೊಂಡು ಬಾಗಿಲಲ್ಲಿ ಸಿದ್ಧಳಾಗಿ ನಿಂತಳು.

ನಾನು ಎಲ್ಲ ಹೇಳಿದೆ. ಮನೆಗೊಂದು ಕಾರ್ಡು ಎಂದು ತಿಳಿದದ್ದು, ಝೆರಾಕ್ಸು, ಎಂಟೂಕಾಲಿನ ಬಸ್ಸು. ಉಳವಪ್ಪ ನಡುನಡುವೆ ಹಣೆ ಬಡಿದುಕೊಂಡ.

“ದಿನಾ? ನಮ್ಮ ಗೇಟಿನ ಮುಂದಿಂದನ?” ಎಂದರು ಇವರು.

“ದಿನಾ. ಬಸ್ ನಿಂತಾಗ ನಿಮ್ಮ ಸ್ಟೋರಿನ ಕಿಡಕಿ ಕಾಣತೈತಿ. ನೀವು ನಟ್ಟಿನ ಡಬ್ಬಿ ಮ್ಯಾಲೆ ಕನ್ನಡಿ ಇಟ್ಟು ತಲಿ ಹಿಕ್ಕೊಂತಿರತೀರಿ.”

ಇವರ ಕೈ ತಾನಾಗಿಯೇ ತಲೆಗೆ ಹೋಯಿತು. “ಯಾಕ ಹೇಳಲಿಲ್ಲ?”

“ಹೇಳಿದ್ರ ಕಳಸತಿದ್ರೇನು?”

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ನೂರಾ ನಲವತ್ತು ತಾಟುಗಳು ಒಮ್ಮೆಗೇ ಬಡಿದವು. “ಸುಂದರಕ್ಕಾ, ಚಟ್ನಿ! ಸುಂದರಕ್ಕಾ!” ನಾನು ಗಂಡನ ಮುಂದೆ ನಿಂತಿದ್ದೆ, ಹಿಂದೆ ಮಕ್ಕಳು ಕೂಗುತ್ತಿದ್ದರು. ಕಾಲು ಒಂದು ಕಡೆ ನಿಲ್ಲಲಿಲ್ಲ. ಹೋಗಿ ಬಡಿಸಿದೆ. ಒಂದು ಸಾಲು ಮುಗಿಸಿ ತಿರುಗಿ ನೋಡಿದರೆ ಇವರು ಕಚೇರಿಯ ಮೆಟ್ಟಿಲ ಮೇಲೆ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಎರಡನೆಯ ಸಾಲು ಮುಗಿದಾಗಲೂ ಅಲ್ಲಿಯೇ. ಮೂರನೆಯ ಸಾಲಿನಲ್ಲಿ ಒಬ್ಬ ಪೋರಿ, “ಸುಂದರಕ್ಕಾ, ಆ ಅಜ್ಜಾ ಯಾರ? ಅವಂಗ ಊಟಾ ಹಾಕೂದಿಲ್ಲೇನು?” ಎಂದಳು. ಅದು ಅವರಿಗೆ ಕೇಳಿಸಿತು. ಅಜ್ಜ ಎಂಬುದು ಹೆಚ್ಚು ಚುಚ್ಚಿರಬೇಕು. ಎದ್ದು ಕಚೇರಿಯ ಒಳಗೆ ಹೋದರು.

ನಾನು ಬಂದಾಗ ಉಳವಪ್ಪ ಹೊಸ ಪತ್ರ ಬರೆಯುತ್ತಿದ್ದ. ಈ ಪ್ಯಾನ್ ನಂಬರು ತಪ್ಪಾಗಿ ಸೇರಿದೆ, ಇಲ್ಲಿ ನೌಕರಿ ಮಾಡುವವರು ಇವರ ಹೆಂಡತಿ, ಇಲಾಖೆಗೆ ತಿದ್ದುಪಡಿ ಕಳಿಸುತ್ತೇವೆ ಎಂದು. ಇದನ್ನು ನಾಳೆ ಮ್ಯಾನೇಜರು ಓದುತ್ತಾರೆ, ಗುರುಪುತ್ರಪ್ಪ ಓದುತ್ತಾನೆ, ಸಂಜೆಗೆ ಮಚ್ಛೆಯೆಲ್ಲ ಓದುತ್ತದೆ. ನಮ್ಮ ಮನೆಯಲ್ಲಿ ದುಡಿಯುವವನು ನಾನೊಬ್ಬನೇ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಬಾಗಿಲಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತಿದ್ದೆ.

“ತಡೀರಿ,” ಎಂದರು ನಮ್ಮವರು. ಉಳವಪ್ಪನ ಪೆನ್ನು ನಿಂತಿತು. “ಅಡಿಗಿಯವ್ರು ಅಂತ ಬರದೀರಿ. ಕಂಪ್ಯೂಟರಿನಾಗ ಮೇಲ್ವಿಚಾರಕರು ಅಂತಿತ್ತಲ್ಲ? ನಾ ಇದ್ದಾಗ ಮೇಲ್ವಿಚಾರಕಾ, ಆಕಿ ಅಂದ ಕೂಡಲೆ ಅಡಿಗಿಯಾಕಿ ಏನು? ತಿದ್ರಿ ಅದನ್ನ.”

ಉಳವಪ್ಪ ತಿದ್ದಿದ.

“ಮತ್ತ ಹದಿನೇಳ ತಿಂಗಳಾಗ ಎರಡ ದಿನಾ ರಜಾ, ಅದನ್ನೂ ಬರೀರಿ.”

“ಅದು ಇದಕ್ಕ ಬೇಕಾಗೂದಿಲ್ಲರಿ.”

“ಗುರುಪುತ್ರಪ್ಪಗ ಬೇಕಾಗತೈತಿ.”

ಇಷ್ಟಾದ ಮೇಲೆ ಉಳವಪ್ಪ, ನಿಮ್ಮದೇ ಪ್ಯಾನ್ ಕಾರ್ಡು ಮಾಡಿಸದೆ ಮುಂದಿನ ಪಗಾರ ಇಲ್ಲ ಎಂದು ನನಗೆ ಎರಡು ಹಾಳೆಯ ಅರ್ಜಿ ಕೊಟ್ಟ. ನಾನು ತೆಗೆದುಕೊಳ್ಳುವ ಮೊದಲೇ ಇವರು ತೆಗೆದುಕೊಂಡರು. “ನಿಂಗ ತಿಳಿಯೂದಿಲ್ಲ, ಕೊಡಿಲ್ಲೆ. ಇಪ್ಪತ್ತ ವರ್ಷಾತು ನಾ ಇಲಾಖೆ ಸಂಗಾಟ ವ್ಯವಹಾರ ಮಾಡಾಕತ್ತು.” ಕನ್ನಡಕ ಹಾಕಿಕೊಂಡು ದೊಡ್ಡ ಅಕ್ಷರಗಳಲ್ಲಿ ತುಂಬತೊಡಗಿದರು. ಹೆಸರು ಬರೆದರು. ಹುಟ್ಟಿದ ತಾರೀಖು ಕೇಳಿದರು, ಬರೆದರು. ಮುಂದಿನ ಸಾಲಿನಲ್ಲಿ ಅಜಿತಕುಮಾರ ಎಂದು ಬರೆದರು.

ಉಳವಪ್ಪ ಬಗ್ಗಿ ನೋಡಿದ. “ಅದು ತಂದೀ ಹೆಸರರಿ.”

“ಹಾಂ?”

“ತಂದೀ ಹೆಸರ ಬರೀಬೇಕು. ನೀವು ಇವ್ರ ತಂದೆ ಆದ್ರಿ.”

ಆ ಅರ್ಜಿ ಹರಿದು ಹಾಕಬೇಕಾಯಿತು. ಉಳವಪ್ಪ ಎರಡನೆಯದನ್ನು ಕೊಟ್ಟ. ಇವರು ಅದನ್ನು ಮೊದಲು ಮೇಲಿಂದ ಕೆಳಗೆ ಓದಿದರು, ತಿರುವಿ ಹಾಕಿ ಹಿಂದಿನ ಬದಿಯನ್ನೂ ಓದಿದರು.

“ಗಂಡನ ಹೆಸರ ಎಲ್ಲೆ ಬರೀಬೇಕು?”

“ಅದು ಬ್ಯಾಡರಿ.”

“ಬ್ಯಾಡ ಅಂದ್ರ? ಎಲ್ಲೂ?”

“ಎಲ್ಲೂ ಇಲ್ಲರಿ. ಕಾಲಂ ಇಲ್ಲ.”

ಇವರು ಮತ್ತೊಮ್ಮೆ ಹುಡುಕಿದರು, ಸ್ಟೋರಿನಲ್ಲಿ ಕಳೆದುಹೋದ ವಾಷರ್ ಹುಡುಕುವ ಹಾಗೆ. ಆಮೇಲೆ ಹೆಸರು ಬರೆದರು, ತಾರೀಖು ಬರೆದರು. ತಂದೆಯ ಹೆಸರು ಎಂಬಲ್ಲಿ ಬಂದಾಗ ಬಹಳ ಎಚ್ಚರ ವಹಿಸಿ, ತುಟಿ ಕಚ್ಚಿಕೊಂಡು, ತಮ್ಮ ತಂದೆಯ ಹೆಸರನ್ನು ಬರೆದರು.

ಉಳವಪ್ಪ ಮೂರನೆಯ ಅರ್ಜಿ ತೆಗೆದು ಈ ಸಲ ನನ್ನ ಮುಂದಿಟ್ಟ. ನನ್ನ ಅಪ್ಪನ ಹೆಸರನ್ನು ನಾನು ಕೊನೆಯ ಸಲ ಬರೆದದ್ದು ಲಗ್ನಪತ್ರಿಕೆಯ ಲಕೋಟೆಯ ಮೇಲೆ. ಎಲ್ಲ ಚೌಕಗಳನ್ನೂ ನಾನೇ ತುಂಬಿದೆ. ಹೊರಗೆ ಮಕ್ಕಳು ತಾಟು ತೊಳೆಯುವ ಸದ್ದು, ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮವರು ಪೆನ್ನಿನ ಟೊಪ್ಪಿಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು.